ಗಾಳಿಗಣ್ಣು

ಥಾರ್ನ್‌ನೆಸ್‌ನಲ್ಲಿ ಮನೆಯಿಂದ ಹೊರಡುವವರಿಗೆ ಯಾರೂ "ಹೋಗಿ ಬಾ" ಅನ್ನುವುದಿಲ್ಲ. "ಗಾಳಿಗಣ್ಣು ತೆರೆದಿರ್ಲಿ" ಅನ್ನುತ್ತಾರೆ. ಮೀನಿಗೆ ಹೋಗುವವನಿಗೂ ಅದೇ, ಚರ್ಚಿಗೆ ಹೋಗುವವಳಿಗೂ ಅದೇ, ಹಿತ್ತಲಿನ ಕಕ್ಕಸಿಗೆ ಹೋಗುವ ಅಜ್ಜನಿಗೂ ಅದೇ. ದೇವರು ಎರಡು ಕಣ್ಣು ಕೊಟ್ಟಿರುವುದು ಸುಮ್ಮನೆ ಅಲ್ಲ. ಒಂದು, ಕೈಯಲ್ಲಿರುವ ಕೆಲಸ ನೋಡುವುದಕ್ಕೆ. ಇನ್ನೊಂದು, ಗಾಳಿ ಯಾವ ಕಡೆಯಿಂದ ಏನನ್ನು ಹೊತ್ತು ತರುತ್ತಿದೆ ಎಂದು ನೋಡುವುದಕ್ಕೆ. ಮಗು ನಡೆಯಲು ಕಲಿಯುವ ಮೊದಲೇ ಅದರ ಗಾಳಿಗಣ್ಣು ಎಡವೋ ಬಲವೋ ಎಂದು ಅಲ್ಲಿಯ ಅಜ್ಜಿಯರು ತೀರ್ಮಾನ ಮಾಡಿಬಿಟ್ಟಿರುತ್ತಾರೆ.

ಎನಾಕ್ ಗೆಡ್ಜ್‌ನದು ಎಡಗಣ್ಣು. ಅವನು ಗೊರಕೆ ಹೊಡೆಯುವಾಗಲೂ ಅದು ತೆರೆದೇ ಇರುತ್ತಿತ್ತು ಎಂದು ಅವನ ಹೆಂಡತಿ ಬದುಕಿದ್ದಾಗ ಹೇಳುತ್ತಿದ್ದಳು. ಅವಳನ್ನು ಮಣ್ಣು ಮಾಡಿದ ದಿನ ಅವನ ಬಲಗಣ್ಣೊಂದೇ ಅತ್ತಿತಂತೆ. ಎಡಗಣ್ಣು ವಾಯವ್ಯದಲ್ಲಿ ಏಳುತ್ತಿದ್ದ ಮೋಡವನ್ನು ನೋಡುತ್ತಿತ್ತು. ಪಾದ್ರಿಗಳೇ ಪ್ರಾರ್ಥನೆ ಮುಗಿಸುವ ಆತುರದಲ್ಲಿ "ಏನಪ್ಪಾ, ಮಳೆ ಬರತ್ತಾ?" ಎಂದು ಆ ಕಣ್ಣನ್ನು ಕೇಳಿದರಂತೆ. ನಂಬುವವರು ನಂಬಲಿ. ಮಳೆ ಬಂದದ್ದಂತೂ ನಿಜ.

ನೋಡುವುದೇ ಅವನ ಕೆಲಸ. ದಡದಿಂದ ಆಚೆ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಒಂದು ಮರಳದಿಬ್ಬ ಇದೆ. ನೀರು ಇಳಿದಾಗ ಬೆನ್ನು ತೋರಿಸುತ್ತದೆ, ಏರಿದಾಗ ಮುಳುಗಿ ಕಾಯುತ್ತದೆ. ಊರಿನವರು ಅದನ್ನು "ಅತ್ತೆ" ಅನ್ನುತ್ತಾರೆ. ಒಳಗೆ ಕರೆದುಕೊಂಡವರನ್ನು ಅವಳು ವಾಪಸು ಕಳಿಸಿದ್ದಿಲ್ಲ. ಉತ್ತರದಿಂದ ಲಂಡನ್ನಿಗೆ ಕಲ್ಲಿದ್ದಲು ಹೊತ್ತು ಹೋಗುವ ಹಡಗುಗಳೆಲ್ಲ ಅತ್ತೆಯ ಪಕ್ಕದಲ್ಲೇ ಹಾಯಬೇಕು. ಹಡಗು ಅವಳ ಮೇಲೆ ಏರಿ ಕೂತರೆ ಊರಿನ ದೋಣಿ ಹೋಗುತ್ತದೆ. ಜನರನ್ನು ಉಳಿಸುತ್ತಾರೆ, ಅದು ನಿಜ. ಸಾಮಾನು ಉಳಿಸುತ್ತಾರೆ, ಅದು ಇನ್ನೂ ನಿಜ. ಮೊದಲು ಮುಟ್ಟಿದ ದೋಣಿಗೇ ಉಳಿಸಿದ್ದರ ಮೇಲೆ ಹಕ್ಕು. ಎರಡನೆಯದಕ್ಕೆ ಹುಟ್ಟು ಹಾಕಿದ ಕೈನೋವು.

ತೊಂದರೆ ಏನೆಂದರೆ ಥಾರ್ನ್‌ನೆಸ್‌ನಲ್ಲಿ ದೋಣಿ ಕಂಪನಿಗಳು ಎರಡು. ದಡದ ಉತ್ತರದ ತುದಿಯಲ್ಲೊಂದು, ದಕ್ಷಿಣದ ತುದಿಯಲ್ಲೊಂದು, ನಡುವೆ ಒಂದು ಮೈಲಿ ಮರಳು. ಎರಡಕ್ಕೂ ಒಡೆದ ಹಡಗುಗಳ ಹಲಗೆಯಿಂದ ಕಟ್ಟಿದ ಒಂದೊಂದು ಎತ್ತರದ ಅಟ್ಟಣೆ. ಅಟ್ಟಣೆಯ ಮೇಲೆ ಒಂದು ಸ್ಟೂಲು, ಒಂದು ದುರ್ಬೀನು, ಒಬ್ಬ ಮುದುಕ. ಕೆಳಗೆ ಶೆಡ್ಡಿನಲ್ಲಿ ಕಂಪನಿಯ ಗಂಡಸರು ಡಾಮಿನೋ ಆಡುತ್ತಾ ಯಾರದಾದರೂ ಗ್ರಹಚಾರ ಕೆಡಲಿ ಎಂದು ಕಾಯುತ್ತಾರೆ. ದೋಣಿ ನೀರಿಗೆ ಜಾರುವ ಮೊದಲು ಅದರ ಅಂಚಿಗೆ ಕೈ ಮುಟ್ಟಿಸಿದವನಿಗೆ ಒಂದು ಪಾಲು, ಆಮೇಲೆ ಅವನು ದೋಣಿ ಹತ್ತಲಿ, ಬಿಡಲಿ. ಈ ಕಾನೂನಿನ ದೆಸೆಯಿಂದ ಒಬ್ಬಾತ ಸ್ನಾನದ ತೊಟ್ಟಿಯಿಂದೆದ್ದು ಸೋಪಿನ ನೊರೆ ಬಿಟ್ಟು ಬೇರೇನೂ ಇಲ್ಲದೆ ಓಡಿ ಬಂದದ್ದುಂಟು. ಪಾಲು ಕೊಟ್ಟರು. ಕಾನೂನು ಬಟ್ಟೆಯ ವಿಚಾರ ಏನೂ ಹೇಳಿರಲಿಲ್ಲ.

ಉತ್ತರದ ಅಟ್ಟಣೆಯ ಮೇಲೆ ಎನಾಕ್. ದಕ್ಷಿಣದ ಅಟ್ಟಣೆಯ ಮೇಲೆ ರೂಬನ್ ಥರ್ಟಲ್, ಎನಾಕ್‌ನ ತಂಗಿ ಡೋರ್ಕಸ್‌ಳ ಗಂಡ.

ಹಡಗು ದಿಬ್ಬಕ್ಕೆ ಬಡಿದದ್ದು ಕಂಡರೆ ಅಟ್ಟಣೆಯವನು ಕೂಗಬಾರದು. ಕೂಗಿದರೆ ಎದುರು ಕಂಪನಿಯವರೂ ಎದ್ದುಬಿಡುತ್ತಾರಲ್ಲ! ಅದಕ್ಕೇ ಎನಾಕ್ ಟೋಪಿ ತೆಗೆದು ನೆತ್ತಿ ಕೆರೆದುಕೊಳ್ಳುತ್ತಿದ್ದ. ಕೆಳಗಿನವರು ಒಬ್ಬೊಬ್ಬರೇ ಆಕಳಿಸುತ್ತಾ, ಮೈ ಮುರಿಯುತ್ತಾ, ಏನೂ ಆಗಿಲ್ಲವೆಂಬಂತೆ ದೋಣಿಯ ಕಡೆ ನಡೆಯುತ್ತಿದ್ದರು. ಬಹಳ ವರ್ಷ ಇದು ನಡೆಯಿತು. ಆಮೇಲೆ ರೂಬನ್ ಅದನ್ನು ಕಂಡುಹಿಡಿದ. ಎನಾಕ್ ಕೆರೆದುಕೊಂಡರೆ ಸಾಕು, ದಕ್ಷಿಣದ ದೋಣಿ ನೀರಿಗಿಳಿಯುತ್ತಿತ್ತು. ಎನಾಕ್ ಸುಮ್ಮನಿರುತ್ತಾನೆಯೇ? ಸಮುದ್ರ ಖಾಲಿ ಇರುವಾಗ ಬೇಕೆಂದೇ ಕೆರೆದುಕೊಂಡ. ದಕ್ಷಿಣದವರು ಕೊರೆಯುವ ಚಳಿಯಲ್ಲಿ ಬರೀ ನೀರಿಗೆ ಹುಟ್ಟು ಹಾಕಿ ಬಂದರು. ರೂಬನ್ ಅದನ್ನೇ ತಿರುಗಿಸಿ, ತನ್ನ ಕಡೆಯ ಸನ್ನೆಯಂತೆ, ಮೂಗು ಒರೆಸಿಕೊಂಡ, ಉತ್ತರದವರು ಹೋಗಿ ಬಂದರು. ಕೊನೆಗೆ ಊರಿಗೆ ಊರೇ ಕೆರೆದುಕೊಳ್ಳುವುದನ್ನು ಬಿಟ್ಟಿತು. ಹೇನಾದವರು ಚರ್ಚಿನಲ್ಲಿ ಕಣ್ಣೀರು ಹಾಕುತ್ತಾ ಕೂತಿರುತ್ತಿದ್ದರು. ಹೊಸ ಪಾದ್ರಿ ಅದು ತನ್ನ ಉಪದೇಶದ ಪ್ರಭಾವ ಎಂದುಕೊಂಡಿದ್ದ.

ಭಾನುವಾರ ಮಧ್ಯಾಹ್ನ ಮಾತ್ರ ರಾಜಿ. ಚರ್ಚಿನ ಗಂಟೆ ಹೊಡೆದೊಡನೆ ಇಬ್ಬರೂ ಏಣಿ ಇಳಿಯುತ್ತಿದ್ದರು, ದುರ್ಬೀನಿನಲ್ಲಿ ಒಬ್ಬರನ್ನೊಬ್ಬರು ನೋಡುತ್ತಾ ಮೆಟ್ಟಿಲಿಗೆ ಮೆಟ್ಟಿಲು ಸರಿಯಾಗಿ. ಆಮೇಲೆ ಡೋರ್ಕಸ್‌ಳ ಮನೆಯಲ್ಲಿ ಊಟ.

ಡಿಸೆಂಬರಿನ ಆ ಭಾನುವಾರ ಹೆರಿಂಗ್ ಮೀನಿನ ಸಾರಿಗೆ ಹಿಟ್ಟಿನ ಕಡುಬು ಮಾಡಿದ್ದಳು.

"ಏನ್ ಭಾವ," ರೂಬನ್ ಬಾಯಲ್ಲಿ ಕಡುಬಿಟ್ಟುಕೊಂಡೇ ಕೇಳಿದ, "ಮೊನ್ನೆ ಟೋಪಿ ತೆಗೆದ್ಯಲ್ಲ, ಹೇನೋ ಹಡಗೋ?"

"ಹೇನು. ನಿಮ್ಮನೆ ದಿಂಬಿಂದು."

"ನಮ್ಮನೆ ಹೇನು ನಿಮ್ ಕಂಪನಿಗೆ ಬರಲ್ಲಪ್ಪ. ಅವಕ್ಕೂ ಮಾನ ಇದೆ."

"ಊಟದ ಮುಂದೆ ಹೇನಿನ ಸುದ್ದಿ ತೆಗೀಬೇಡಿ," ಡೋರ್ಕಸ್ ಸೌಟಿನಿಂದ ಮೇಜು ಕುಟ್ಟಿದಳು. "ನಂಗೊಂದ್ ಹೇಳಿ. ಅಣ್ಣ, ನೀನು ಹಗಲೆಲ್ಲ ಇವ್ರನ್ನ ನೋಡ್ತಿರ್ತೀಯ. ಇವ್ರು ಹಗಲೆಲ್ಲ ನಿನ್ನ ನೋಡ್ತಿರ್ತಾರೆ. ಸಮುದ್ರ ನೋಡ್ತಿರೋರು ಯಾರಪ್ಪ?"

"ಸಮುದ್ರ ಎಲ್ಲಿಗ್ ಹೋಗತ್ತೆ?" ಇಬ್ಬರೂ ಒಟ್ಟಿಗೇ ಅಂದರು. ಅವಳ ಮದುವೆಯಾದಾಗಿನಿಂದ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

"ಹೋಗಲ್ಲ, ಗೊತ್ತು. ಬರೋರು ಇದಾರಲ್ಲ. ಈ ವಾರ 'ಪೇಶನ್ಸ್' ಇಳಿದು ಬರತ್ತೆ. ನನ್ ಮಗ ಶಾಲು ಕಟ್ಟಿರ್ತಾನೆ. ಯಾರಿಗ್ ಮೊದ್ಲು ಕಂಡ್ರೂ ನಂಗೊಂದ್ ಮಾತು ಹೇಳ್ಕಳ್ಸಿ, ಅಷ್ಟೇ. ಅದಕ್ಕೂ ಪೈಪೋಟಿ ಮಾಡ್ಬೇಡಿ."

ಮಗ ಎಂದರೆ ನೇಥನ್. ಎರಡು ಮನೆಗೂ ಇದ್ದ ಒಂದೇ ಸಂತಾನ. 'ಪೇಶನ್ಸ್' ಎಂಬ ಕಲ್ಲಿದ್ದಲು ಹಡಗಿನಲ್ಲಿ ಕೆಲಸಕ್ಕಿದ್ದ. ಥಾರ್ನ್‌ನೆಸ್ ದಾಟುವಾಗಲೆಲ್ಲ ತಾಯಿಯ ಕೆಂಪು ಶಾಲನ್ನು ಹಾಯಿಕಂಬದ ತುದಿಗೆ ಕಟ್ಟುತ್ತಿದ್ದ, ಚೆನ್ನಾಗಿದ್ದೇನೆ ಅಂತ. ಎನಾಕ್‌ಗೆ ಮಕ್ಕಳಿರಲಿಲ್ಲ. ನೇಥನ್ ಚಿಕ್ಕವನಿದ್ದಾಗ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಉತ್ತರದ ಅಟ್ಟಣೆ ಹತ್ತಿಸಿ, ದುರ್ಬೀನು ಹಿಡಿಸಿ, ಮೋಡದ ಬಣ್ಣ, ನೀರಿನ ಬಣ್ಣ ಎಲ್ಲ ಹೇಳಿಕೊಟ್ಟವನು ಇವನೇ. "ಇವನ್ದೂ ಎಡಗಣ್ಣೇ. ಸೋದರಮಾವನ್ ಥರ," ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ. ದಕ್ಷಿಣದವನ ಮಗನನ್ನು ಉತ್ತರದ ಅಟ್ಟಣೆಗೆ ಹತ್ತಿಸಿದ್ದಕ್ಕೆ ಕಂಪನಿಯಲ್ಲಿ ಗಲಾಟೆಯೂ ಆಗಿತ್ತು.

"ನಂಗೇ ಮೊದ್ಲು ಕಾಣತ್ತೆ," ಎಂದ ಎನಾಕ್, ಹೊರಡುತ್ತಾ.

"ಗಾಳಿಗಣ್ಣು ತೆರೆದಿರ್ಲಿ, ಅಣ್ಣ."

ಎನಾಕ್‌ಗೆ ಆ ವಾರ ಬೇರೆ ಚಿಂತೆಯೂ ಇತ್ತು. ಹಿಂದಿನ ತಿಂಗಳು ಅವನಿಂದ ಒಂದು ತಪ್ಪಾಗಿತ್ತು. ಅವನು ಸಮುದ್ರ ನೋಡಿಬಿಟ್ಟಿದ್ದ. ದಿಗಂತದಲ್ಲಿ ಯಾವುದೋ ಹೊಗೆ ಕಂಡಂತಾಗಿ ಅತ್ತ ದುರ್ಬೀನು ತಿರುಗಿಸಿದಾಗ, ದಕ್ಷಿಣದಲ್ಲಿ ದಡ ತಿರುಗುವ ಮೂಲೆಯಾಚೆ ಮರದ ದಿಮ್ಮಿ ಹೊತ್ತ ಹಡಗೊಂದು ಅತ್ತೆಯ ಬಾಲಕ್ಕೆ ಬಡಿದು ಕೂತಿತ್ತು. ಅದನ್ನು ರೂಬನ್ ಕಂಡು, ದಕ್ಷಿಣದ ದೋಣಿ ಸದ್ದಿಲ್ಲದೆ ಹೋಗಿ ಮುಟ್ಟಿತ್ತು. ಆ ಚಳಿಗಾಲವಿಡೀ ದಕ್ಷಿಣದವರ ಮನೆಗಳ ಒಲೆಯಲ್ಲಿ ಒಳ್ಳೆಯ ಪೈನ್ ಮರ ಉರಿಯುತ್ತಿತ್ತು. ವಾಸನೆ ಉತ್ತರದವರೆಗೂ ಬರುತ್ತಿತ್ತು.

ಉತ್ತರ ಕಂಪನಿಯ ಚುಕ್ಕಾಣಿ ಹಿಡಿಯುವವನು ಜೋಬ್ ಬುಲ್ಲಿಮೋರ್. ಯಜಮಾನನೂ ಅವನೇ. ಅಟ್ಟಣೆಯ ಕೆಳಗೆ ಎಲ್ಲರನ್ನೂ ಸೇರಿಸಿ ಹೇಳಿದ, "ಎನಾಕಣ್ಣ, ಬೇಜಾರ್ ಮಾಡ್ಕೋಬೇಡ. ಇನ್ನೊಂದ್ ಸಲ ಅವ್ರು ನಮ್ಗಿಂತ ಮುಂಚೆ ಹೋದ್ರೆ ನೀನು ಇಳೀಬೇಕಾಗತ್ತೆ. ನನ್ನಳಿಯ ಇದಾನೆ. ಕಣ್ಣು ಚುರುಕಾಗಿವೆ."

"ಚುರುಕಾಗಿದ್ದಿದ್ರೆ ನಿನ್ ಮಗಳನ್ನ ಕಟ್ಕೊಳ್ತಿದ್ನಾ?"

ಎಲ್ಲರೂ ನಕ್ಕರು. ಜೋಬ್ ನಗಲಿಲ್ಲ.

ಇಳಿಯುವುದೆಂದರೆ ಏನು ಎಂದು ಎನಾಕ್‌ಗೆ ಗೊತ್ತಿತ್ತು. ಅವನಿಗಿಂತ ಮೊದಲು ಅಟ್ಟಣೆಯಲ್ಲಿದ್ದವನು ಇಳಿದಮೇಲೆ ಸ್ವಲ್ಪ ದಿನ ಹೆಂಗಸರ ಜೊತೆ ಕೂತು ಮೀನಿನ ಕರುಳು ತೆಗೆದ. ಆಮೇಲೆ ಪ್ಯಾರಿಷ್‌ನವರು ನಡೆಸುವ ಬಡವರ ಮನೆಗೆ ಸೇರಿಸಿದರು. ಅಲ್ಲಿ ಅವನ ಹಾಸಿಗೆಯ ಪಕ್ಕ ಒಂದು ಕಿಟಕಿ. ಕಿಟಕಿಯಾಚೆ ಇಟ್ಟಿಗೆ ಗೋಡೆ. ನಲವತ್ತು ವರ್ಷ ಸಮುದ್ರ ನೋಡಿದವನು ಆ ಗೋಡೆಯನ್ನು ನೋಡುತ್ತಲೇ ಸತ್ತ. ಸಾಯುವ ಮೊದಲು "ಅಲ್ನೋಡಿ, ಹಡಗು" ಅಂದನಂತೆ. ಯಾರೂ ಏಳಲಿಲ್ಲ.

ಆದ್ದರಿಂದ ಎನಾಕ್ ಒಂದು ನಿರ್ಧಾರಕ್ಕೆ ಬಂದ. ಸಮುದ್ರ ದೊಡ್ಡದು, ಎಲ್ಲವನ್ನೂ ನೋಡುತ್ತಾ ಕೂರಲಾಗದು. ರೂಬನ್ ಚಿಕ್ಕವನು, ಒಂದೇ ಕಡೆ ಕೂತಿರುತ್ತಾನೆ. ಸಮುದ್ರವನ್ನು ಅವನು ನೋಡಲಿ, ಅವನನ್ನು ನಾನು ನೋಡುತ್ತೇನೆ. ಏನು ಕಂಡರೂ ಮೊದಲು ಅವನ ಮುಖದಲ್ಲಿ ಕಾಣುತ್ತದೆ. ಇದಕ್ಕಿಂತ ಎಚ್ಚರದ ಉಪಾಯ ಇನ್ನೊಂದಿಲ್ಲ ಎಂದು ಅವನಿಗನ್ನಿಸಿತು. ಆ ಉಪಾಯದಲ್ಲಿ ಲೋಪ ಒಂದೇ. ರೂಬನ್‌ಗೂ ಅದು ಹೊಳೆದಿತ್ತು.

ಬುಧವಾರ ಈಶಾನ್ಯದ ಗಾಳಿ. ಹಿಮ ಒಂದೊಂದು ಸಲ ಗೋಡೆಯಂತೆ ಸಮುದ್ರದ ಮೇಲಿಂದ ನಡೆದು ಬರುವುದು, ಎಲ್ಲವನ್ನೂ ಮುಚ್ಚುವುದು, ಹಾದು ಹೋಗುವುದು, ಮತ್ತೆ ತಿಳಿ ಬೆಳಕು. ಬೆಳಿಗ್ಗೆ ಎನಾಕ್‌ಗೆ ಕುಚೋದ್ಯ ಮಾಡಬೇಕೆನ್ನಿಸಿತು. ಆಗ್ನೇಯದ ಕಡೆ ದುರ್ಬೀನು ತಿರುಗಿಸಿ ಬೆಚ್ಚಿಬಿದ್ದವನ ಹಾಗೆ ಮಾಡಿ, ಟೋಪಿ ತೆಗೆದು, ನೆತ್ತಿಯನ್ನು ಎರಡು ಕೈಯಲ್ಲೂ ಕೆರೆದುಕೊಂಡ. ಜೋಬ್‌ಗೆ ಮೊದಲೇ ಹೇಳಿದ್ದ. ಉತ್ತರದವರು ನಾಟಕಕ್ಕೆ ದೋಣಿಯವರೆಗೆ ನಡೆದರು, ಅಂಚಿಗೆ ಕೈಯಿಟ್ಟರು. ದಕ್ಷಿಣದವರ ದೋಣಿ ಎದ್ದುಬಿದ್ದು ನೀರಿಗಿಳಿದು, ಮೂಲೆ ಸುತ್ತಿ ಆಗ್ನೇಯಕ್ಕೆ ಮರೆಯಾಯಿತು. ಗಾಳಿ ಬೆನ್ನಿಗಿತ್ತು, ಹೋಗುವುದು ಸುಲಭ. ವಾಪಸು ಬರುವುದು ಸಂಜೆಗೇ.

ಶೆಡ್ಡಿನಲ್ಲಿ ನಕ್ಕು ನಕ್ಕು ಒಬ್ಬನಿಗೆ ಬಿಕ್ಕಳಿಕೆ ಹತ್ತಿತು. "ಭಲೇ ಎನಾಕಣ್ಣ!" ಎಂದು ಜೋಬ್ ಕೆಳಗಿನಿಂದ ಕೂಗಿದ. "ಇನ್ನೂ ಹತ್ ವರ್ಷ ನೀನೇ ಕೂತ್ಕೋ!"

ಎನಾಕ್ ಬೆಚ್ಚಗೆ ಕೂತು ದುರ್ಬೀನಿಗೆ ಎಡಗಣ್ಣಿಟ್ಟ. ಬಲಗಣ್ಣು ಮುಚ್ಚಿದ. ರೂಬನ್ ಕೂಡ ಇತ್ತಲೇ ದುರ್ಬೀನು ಹಿಡಿದು ಕೂತಿದ್ದ. ಒಂದು ಮೈಲಿ ಮರಳಿನ ಮೇಲೆ ಒಬ್ಬರ ಕಣ್ಣಿನೊಳಗೆ ಒಬ್ಬರು ಇಣುಕುತ್ತಾ ಬೆಳಗಿನ ಹೊತ್ತು ಕಳೆಯಿತು. ಇಬ್ಬರ ಪಕ್ಕದಲ್ಲೂ ಸಮುದ್ರ ತನ್ನ ಪಾಡಿಗೆ ತಾನಿತ್ತು.

ಮಧ್ಯಾಹ್ನ ಡೋರ್ಕಸ್ ಬುತ್ತಿ ತೆಗೆದುಕೊಂಡು ದಕ್ಷಿಣದ ಏಣಿ ಹತ್ತುವುದು ಕಾಣಿಸಿತು. ಬಿಳಿ ಏಪ್ರನ್ನು ಗಾಳಿಗೆ ಹಾರುತ್ತಿತ್ತು. ಮೇಲೆ ಬಂದು ಬುತ್ತಿ ಇಟ್ಟಳು. ಅವಳ ಹತ್ತಿರ ದುರ್ಬೀನು ಇರಲಿಲ್ಲವಾದ್ದರಿಂದ ಸುಮ್ಮನೆ ಸಮುದ್ರದ ಕಡೆ ನೋಡಿದಳು. ಕೈ ಚಾಚಿದಳು. ರೂಬನ್‌ನ ಭುಜ ಹಿಡಿದು ಅಲ್ಲಾಡಿಸಿದಳು. ರೂಬನ್ ಅತ್ತ ತಿರುಗಿದ. ಎದ್ದು ನಿಂತ.

ಎನಾಕ್ ಸ್ಟೂಲಿನ ತುದಿಗೆ ಸರಿದ. ಏನೋ ಇದೆ. ಕೈ ಟೋಪಿಯವರೆಗೆ ಹೋಯಿತು.

ಅಷ್ಟರಲ್ಲಿ ರೂಬನ್ ಯಾವ ಕಾವಲಿನವನೂ ಮಾಡದ ಕೆಲಸ ಮಾಡಿದ. ಉತ್ತರಕ್ಕೆ ತಿರುಗಿ, ನೇರವಾಗಿ ಎನಾಕ್‌ನ ಕಡೆಗೆ, ಎರಡೂ ಕೈ ಬೀಸತೊಡಗಿದ. ಬೀಸುವುದು, ಸಮುದ್ರದ ಕಡೆ ತೋರಿಸುವುದು, ಮತ್ತೆ ಬೀಸುವುದು.

ಎನಾಕ್‌ನ ಕೈ ಟೋಪಿಯಿಂದ ಇಳಿಯಿತು. ಮುಖದ ಮೇಲೆ ನಗು ಬಂತು.

"ಓಹೋ," ಎಂದ ತನ್ನಷ್ಟಕ್ಕೆ. "ಬೆಳಗಿನದಕ್ಕೆ ಬಡ್ಡಿ ಸಮೇತ ತೀರಿಸ್ತಿದೀಯಾ, ಭಾವ?"

ಆದರೂ ಅವನು ಎಚ್ಚರದ ಮನುಷ್ಯ. ಒಂದು ಸಲ, ಒಂದೇ ಸಲ, ದುರ್ಬೀನು ಸರಿಸಿ ಅತ್ತೆಯ ಕಡೆ ನೋಡಿದ. ಹಿಮದ ಗೋಡೆಯೊಂದು ಆಗಷ್ಟೇ ದಿಬ್ಬವನ್ನು ನುಂಗಿತ್ತು. ಬಿಳಿ ಬಿಟ್ಟರೆ ಏನಿಲ್ಲ. ಈ ಹಿಮದಲ್ಲಿ ಏನು ಕಂಡಿತಂತೆ ಅವನಿಗೆ? ನಾನು ಅತ್ತ ನೋಡುತ್ತಾ ಕೂರಲಿ, ಅವನು ಇತ್ತ ಇನ್ನೇನೋ ನಡೆಸಲಿ ಎಂದಲ್ಲವೇ? ಎನಾಕ್ ಮತ್ತೆ ದುರ್ಬೀನನ್ನು ಎಡಗಣ್ಣಿಗೇರಿಸಿ ದಕ್ಷಿಣಕ್ಕೆ ಹಿಡಿದ.

ಈಗ ಡೋರ್ಕಸ್ ಏಪ್ರನ್ನು ಬಿಚ್ಚಿ ಬೀಸುತ್ತಿದ್ದಳು. ಅವಳ ತಲೆಬಟ್ಟೆ ಹಾರಿಹೋಗಿ ಕೂದಲೆಲ್ಲ ಮುಖದ ಮೇಲೆ ಬಂದಿತ್ತು. ಬಾಯಿ ಅಗಲವಾಗಿ ತೆರೆದಿತ್ತು. ಗಾಳಿ ಎದುರಿನದು, ಒಂದಕ್ಷರ ಕೇಳುವಂತಿರಲಿಲ್ಲ.

"ನನ್ ತಂಗೀನೂ ನಾಟಕಕ್ಕೆ ಸೇರ್ಸಿದಾನೆ, ಕಳ್ಳ," ಎಂದ ಎನಾಕ್. ಕೆಳಗೆ ಬಗ್ಗಿ, "ಜೋಬ್! ದಕ್ಷಿಣದಲ್ಲಿ ಕುಣೀತಿದಾರೆ!" ಎಂದ.

"ಕುಣೀಲಿ ಬಿಡು! ಚಳಿ ಅಲ್ವಾ!" ಡಾಮಿನೋ ಕಲ್ಲು ಮೇಜಿಗೆ ಬಡಿದ ಸದ್ದು.

ದುರ್ಬೀನು ಒಳ್ಳೆಯದು. ರೂಬನ್‌ನ ಗಲ್ಲದ ಮೇಲೆ ನೀರು ಇಳಿಯುತ್ತಿದ್ದುದೂ ಕಾಣುತ್ತಿತ್ತು. ಎಂಥಾ ನಟ, ಎನ್ನಿಸಿತು ಎನಾಕ್‌ಗೆ. ಇಷ್ಟು ವರ್ಷ ಮೂಗು ಒರೆಸುವುದರಲ್ಲೇ ಕಾಲ ಹಾಕಿದವನೊಳಗೆ ಇಂಥ ಕಲೆ ಇತ್ತೇ! ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಮುಂದಿನ ಭಾನುವಾರ ಊಟಕ್ಕೆ ಕೂತಾಗ ಇದನ್ನು ಮಾಡಿ ತೋರಿಸಿ ನಗಿಸಬೇಕು ಎಂದುಕೊಂಡು, ಕೈ ಬೀಸುವ ಬಗೆ, ಮೊಣಕೈಯ ವರಸೆ ಎಲ್ಲವನ್ನೂ ಮನಸ್ಸಿನಲ್ಲಿ ಬರೆದುಕೊಂಡ.

ರೂಬನ್ ಏಣಿ ಇಳಿದ. ಉತ್ತರದ ಕಡೆ ಓಡತೊಡಗಿದ. ಮರಳಿನಲ್ಲಿ ಕಾಲು ಹುಗಿಯುತ್ತಿತ್ತು, ಬಿದ್ದ, ಎದ್ದ. ಎನಾಕ್ ಅವನನ್ನು ಬಿಡದೆ ಹಿಂಬಾಲಿಸಿದ. ದುರ್ಬೀನಿನೊಳಗೆ ರೂಬನ್ ದೊಡ್ಡವನಾಗುತ್ತಾ ಬಂದ. ಅರ್ಧ ದಾರಿಯಲ್ಲಿ, ಓಟಕ್ಕೆ ಅಡ್ಡವಾಗುತ್ತಿದೆಯೆಂದು, ಕೈಯಲ್ಲಿದ್ದ ದುರ್ಬೀನನ್ನು ಪಕ್ಕಕ್ಕೆ ಎಸೆದ. ಹಿತ್ತಾಳೆ ಕಟ್ಟಿನ ಹಳೆಯ ದುರ್ಬೀನು, ಅವನ ಅಪ್ಪನದು. ಮದುವೆಯ ದಿನವೂ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಚರ್ಚಿಗೆ ಬಂದಿದ್ದ. ಅದು ಕಲ್ಲಿಗೆ ಬಡಿದು ಉರುಳಿ ನೀರಿನ ಅಂಚಿಗೆ ಹೋಯಿತು. ರೂಬನ್ ತಿರುಗಿಯೂ ನೋಡಲಿಲ್ಲ.

ಎನಾಕ್‌ನ ಮುಖದ ನಗು ಅಲ್ಲಿಗೆ ನಿಂತಿತು. ಅಳುವುದನ್ನು ನಟಿಸಬಹುದು. ಕಾವಲಿನವನು ದುರ್ಬೀನು ಎಸೆಯುವುದನ್ನು ನಟಿಸುವುದಿಲ್ಲ.

ಎಡಕ್ಕೆ ತಿರುಗಿದ. ಹಿಮ ಯಾವಾಗಲೋ ಹಾದುಹೋಗಿತ್ತು. ಬೆಳಕು ತೊಳೆದಂತೆ ಇತ್ತು. ಅತ್ತೆಯ ಮೇಲೆ ಕಲ್ಲಿದ್ದಲಿನ ಹಡಗೊಂದು ಪಕ್ಕಕ್ಕೆ ಮಲಗಿತ್ತು, ಅಲೆಗಳು ಅದರ ಮೇಲಿಂದಲೇ ದಾಟುತ್ತಿದ್ದವು. ಒಂದು ಕಂಬ ಮುರಿದಿತ್ತು. ಇನ್ನೊಂದರ ಹಗ್ಗಗಳಿಗೆ ಕಪ್ಪಗೆ ಏನೇನೋ ಅಂಟಿಕೊಂಡಿತ್ತು. ಅದರ ತುದಿಯಲ್ಲಿ ಕೆಂಪು.

"ಹಡಗು!" ಎಂದು ಎನಾಕ್ ಕೂಗಿದ.

ಉತ್ತರದ ಅಟ್ಟಣೆಯಿಂದ ಯಾರೂ ಎಂದೂ ಹಾಗೆ ಕೂಗಿರಲಿಲ್ಲ. ಶೆಡ್ಡಿನಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು.

"ಹಡಗು! ಎದ್ದೇಳ್ರೋ! ನಮ್ ಹುಡುಗಂದು!"

"ಏನಿದು ಹೊಸಾದು?" ಒಬ್ಬ ಪಿಸುಗುಟ್ಟಿದ. "ಕೂಗಿದ್ರೆ ಏಳಬೇಕಾ, ಏಳಬಾರ್ದಾ?"

"ನಂಗೇನೂ ಹೇಳಿಲ್ಲ," ಎಂದ ಜೋಬ್. "ಅವ್ರಿಗ್ ಕೇಳ್ಲಿ ಅಂತ ಕೂಗ್ತಿರ್ಬೇಕು. ಸುಮ್ನಿರಿ, ಕೆಡಿಸ್ಬೇಡಿ."

ಎನಾಕ್ ಏಣಿಯನ್ನು ಜಾರಿಕೊಂಡೇ ಇಳಿದ. ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗಿದ, ಅತ್ತ, ಜೋಬ್‌ನ ಕಾಲರು ಹಿಡಿದ. ಮುದುಕ ಇಷ್ಟು ಚೆನ್ನಾಗಿ ಮಾಡುತ್ತಾನೆಂದು ಯಾರಿಗೂ ಗೊತ್ತಿರಲಿಲ್ಲ, ಇಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಕೊನೆಗೆ ಅವನು ಟೋಪಿ ಕಿತ್ತೆಸೆದು, ಎಲ್ಲರ ಮುಂದೆ, ಎರಡು ಕೈಯಿಂದ ತನ್ನ ಬೋಳು ನೆತ್ತಿಯನ್ನು ರಕ್ತ ಬರುವ ಹಾಗೆ ಕೆರೆದುಕೊಂಡ.

ಮೇಜು ಉರುಳಿತು. ಇಡೀ ಕಂಪನಿ ಬಾಗಿಲಿನಿಂದಾಚೆ ಹಾರಿತು.

ದೋಣಿ ಇನ್ನೇನು ನೀರಿಗೆ ಜಾರಬೇಕು ಎನ್ನುವಾಗ ರೂಬನ್ ಬಂದು ಮುಟ್ಟಿದ. ಉಸಿರಿರಲಿಲ್ಲ. ಹತ್ತಲು ಹೋಗಿ ಅಂಚು ಹಿಡಿದ. ಕೈ ಜಾರಿತು, ನೀರಿನಲ್ಲಿ ಮಂಡಿಯೂರಿ ಉಳಿದುಬಿಟ್ಟ. ದೋಣಿಯಲ್ಲಿದ್ದ ಒಬ್ಬ ಅಭ್ಯಾಸ ಬಲದಿಂದ, ಕೆಟ್ಟ ಮನಸ್ಸಿನಿಂದಲ್ಲ, ಕೂಗಿ ಹೇಳಿದ: "ಥರ್ಟಲ್ ಮುಟ್ಟಿದಾನೆ! ಅವನಿಗೊಂದ್ ಪಾಲು!"

ಅವರು ಅತ್ತೆಯನ್ನು ತಲುಪುವಷ್ಟರಲ್ಲಿ ಎರಡನೆಯ ಕಂಬವೂ ಇರಲಿಲ್ಲ. ಹಲಗೆಗಳಿದ್ದವು, ಹಗ್ಗವಿತ್ತು, ಒಂದು ಪೀಪಾಯಿ ತೇಲುತ್ತಿತ್ತು. ಜನ ಯಾರೂ ಇರಲಿಲ್ಲ. ನೇಥನ್ ತಾನೇ ಬಂದ, ಮೂರು ದಿನ ಬಿಟ್ಟು, ಎರಡು ಅಟ್ಟಣೆಗಳ ಸರಿಯಾಗಿ ನಡುವಿನ ಮರಳಿಗೆ.

ಮಣ್ಣು ಮಾಡಿದ ಮಾರನೆಯ ದಿನ ಉತ್ತರ ಕಂಪನಿ ಶೆಡ್ಡಿನಲ್ಲಿ ಸೇರಿತು. ಎನಾಕ್ ಎದ್ದು ನಿಂತು, ತಾನಾಗಿಯೇ, ಆದದ್ದನ್ನೆಲ್ಲ ಹೇಳಿದ. ಭಾವ ಕೈ ಬೀಸಿದ್ದು, ತಂಗಿ ಏಪ್ರನ್ನು ಬೀಸಿದ್ದು, ತಾನು ನಗುತ್ತಾ ನೋಡುತ್ತಾ ಕೂತದ್ದು. "ನನ್ನ ಇಳಿಸಿಬಿಡಿ," ಎಂದ. "ಇವತ್ತೇ."

ಜೋಬ್ ಬಹಳ ಹೊತ್ತು ಪೈಪು ತುಂಬಿದ.

"ಎನಾಕಣ್ಣ, ದಕ್ಷಿಣದವನು ಕೈ ಬೀಸಿದ್ರೆ ನಾನೂ ಏಳ್ತಿರ್ಲಿಲ್ಲ. ಇಲ್ಲಿರೋರಲ್ಲಿ ಯಾರಾದ್ರೂ ಏಳ್ತಿದ್ರಾ?"

ಯಾರೂ ಇಲ್ಲ, ಎಂದು ಎಲ್ಲರೂ ತಲೆಯಾಡಿಸಿದರು. ಸಮಾಧಾನಕ್ಕೆ ಹೇಳಿದ್ದಲ್ಲ, ನಿಜವನ್ನೇ ಹೇಳಿದರು.

"ಇನ್ನು ಲೆಕ್ಕಕ್ಕೆ ಬಂದ್ರೆ," ಜೋಬ್ ಮುಂದುವರಿಸಿದ, "ಮೊದ್ಲು ಮುಟ್ಟಿದ್ದು ನಾವೇ. ಅವ್ರ ದೋಣಿ ಊರಲ್ಲೇ ಇರ್ಲಿಲ್ಲ. ಯಾಕೆ ಇರ್ಲಿಲ್ಲ? ನೀನು ಕಳ್ಸಿದ್ದೆ. ಮಾತು ಅಂದ್ರೆ ಮಾತು. ಅಟ್ಟಣೆ ಇನ್ ನಿಂದೇ, ನೀನ್ ಇರೋವರ್ಗೂ."

ಎನಾಕ್ ಟೋಪಿ ಹಾಕಿಕೊಂಡ. ಕೂತ.

ಕಾನೂನಿನ ಪ್ರಕಾರ ರೂಬನ್‌ನ ಪಾಲನ್ನು ಅವನ ಮನೆಗೆ ತಲುಪಿಸಬೇಕಿತ್ತು. ಒಂದಷ್ಟು ಹಗ್ಗ, ಪೀಪಾಯಿಯಲ್ಲಿ ಸಿಕ್ಕ ಹಡಗಿನ ಅಡುಗೆಯವನ ತಾಮ್ರದ ಕೆಟಲು. ಯಾರೂ ಮುಂದೆ ಬರಲಿಲ್ಲ. ಎನಾಕ್ ತಾನೇ ತೆಗೆದುಕೊಂಡು ಹೋದ.

ಡೋರ್ಕಸ್ ಕೆಟಲನ್ನು ತೆಗೆದುಕೊಂಡಳು. ಒಳಗೆ ಮರಳಿತ್ತು, ತೊಳೆದಳು. ನೀರು ತುಂಬಿ ಒಲೆಯ ಮೇಲಿಟ್ಟಳು. ರೂಬನ್ ಮನೆಯಲ್ಲಿರಲಿಲ್ಲ, ಅಟ್ಟಣೆಗೆ ಹೋಗಿದ್ದ. ನೀರು ಕುದಿಯತೊಡಗಿತು.

"ನಾನ್ ಬೀಸಿದ್ದು ಕಾಣ್ತಿತ್ತಾ ನಿಂಗೆ?" ಅವಳು ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ಕಾಣ್ತಿತ್ತು."

"ನಾನೇ ಅಂತ ಗೊತ್ತಾಯ್ತಾ?"

"ಗೊತ್ತಾಯ್ತು."

"ಮುಖ ಕಾಣ್ತಾ?"

"ಹೂಂ, ಡೋರ್ಕಸ್. ಚೆನ್ನಾಗ್ ಕಾಣ್ತು."

ಅವಳು ಚಹಾ ಬಗ್ಗಿಸಿ ಅವನ ಮುಂದಿಟ್ಟಳು. "ಕುಡಿ," ಎಂದಳು. ಅವನು ಕುಡಿದ. ಎಷ್ಟು ತೊಳೆದರೂ ತಳದಲ್ಲಿ ಮರಳು ಉಳಿದಿತ್ತು, ಹಲ್ಲಿಗೆ ಸಿಕ್ಕಿತು. ಅದನ್ನೂ ನುಂಗಿದ. ಎದ್ದು ಹೊಸ್ತಿಲು ದಾಟಿದಾಗ ಹಿಂದಿನಿಂದ ಅವಳ ದನಿ ಬಂತು, ಪ್ರತಿ ಭಾನುವಾರ ಬರುವಂತೆಯೇ, ಏರಿಲ್ಲದೆ ಇಳಿವಿಲ್ಲದೆ.

"ಗಾಳಿಗಣ್ಣು ತೆರೆದಿರ್ಲಿ, ಅಣ್ಣ."

ಅಂದಿನಿಂದ ಎನಾಕ್ ಸಮುದ್ರವನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಬೆಳಗಾಗುವ ಮೊದಲು ಹತ್ತಿದರೆ ಕತ್ತಲಾದ ಮೇಲೆ ಇಳಿಯುತ್ತಿದ್ದ. ಅತ್ತೆಯ ಮೇಲೆ ಕೂತ ಹಕ್ಕಿಯ ಕಾಲು ಕುಂಟೇ ಎಂದು ಹೇಳಬಲ್ಲವನಾದ. ದಕ್ಷಿಣಕ್ಕೆ ಒಂದು ಸಲವೂ ತಿರುಗಲಿಲ್ಲ.

ತಿರುಗಬೇಕಾಗಿಯೂ ಇರಲಿಲ್ಲ. ಅಲ್ಲಿ ಏನು ನಡೆಯುತ್ತಿದೆಯೆಂದು ಊರಿನವರೆಲ್ಲ ಹೇಳುತ್ತಿದ್ದರು. ರೂಬನ್ ಮರಳಿನಲ್ಲಿ ಹುಡುಕಿ ತನ್ನ ದುರ್ಬೀನು ತಂದುಕೊಂಡಿದ್ದ. ಹಿತ್ತಾಳೆ ನೆಗ್ಗಿತ್ತು, ಗಾಜು ಸೀಳಿತ್ತು. ಅದನ್ನು ಕಣ್ಣಿಗಿಟ್ಟು ಬೆಳಗಿನಿಂದ ಸಂಜೆವರೆಗೆ ಉತ್ತರಕ್ಕೇ ಹಿಡಿದು ಕೂತಿರುತ್ತಿದ್ದ. ಸಮುದ್ರದ ಕಡೆ ಹೊರಳುತ್ತಲೇ ಇರಲಿಲ್ಲ. ಅವನ ಪಕ್ಕದಲ್ಲೇ ಹಡಗುಗಳು ದಿಬ್ಬಕ್ಕೆ ಬಡಿದವು, ದಕ್ಷಿಣ ಕಂಪನಿಗೆ ಒಂದೂ ಸಿಗಲಿಲ್ಲ. ಅವನನ್ನು ಇಳಿಸಬೇಕೆಂದು ಒಬ್ಬ ಏಣಿಯ ಅರ್ಧದವರೆಗೆ ಹತ್ತಿ, ಅವನ ಮುಖ ಕಂಡು, ಹಾಗೇ ಇಳಿದು ಬಂದ. ಆಮೇಲೆ ಯಾರೂ ಹತ್ತಲಿಲ್ಲ.

ಮಾರ್ಚ್ ತಿಂಗಳ ಒಂದು ದಿನ ಗಾಳಿ ಬಿದ್ದು, ಬಿಸಿಲು ಬಂದು, ಸಮುದ್ರ ಎಣ್ಣೆಯಂತೆ ಮಲಗಿತ್ತು. ಎಲ್ಲಿಯೂ ಒಂದು ಹಾಯಿಯಿಲ್ಲ. ಕೆಳಗೆ ಡಾಮಿನೋ ಸದ್ದು. ಎನಾಕ್‌ನ ನೆತ್ತಿಯ ಮೇಲೆ, ಅಂದು ಉಗುರಿನಿಂದ ಕಿತ್ತು ಉಳಿದ ಕಲೆಯಲ್ಲಿ, ಟೋಪಿಯ ಅಡಿಯಲ್ಲಿ, ನವೆ ಶುರುವಾಯಿತು. ಮೊದಲು ಸಣ್ಣಗೆ. ಆಮೇಲೆ ಕೆಂಡ ಇಟ್ಟಂತೆ. ಕಣ್ಣಲ್ಲಿ ನೀರು ಬಂತು, ಎರಡೂ ಕಣ್ಣಲ್ಲಿ. ಕೆರೆದುಕೊಂಡರೆ ಕೆಳಗಿನವರು ಎದ್ದು ದೋಣಿಗೆ ಓಡುತ್ತಾರೆ. ಒಂದು ಮೈಲಿಯಾಚೆ, ಬಲಗಡೆ, ಸೀಳಿದ ಗಾಜಿನೊಳಗೆ ಒಂದು ಕಣ್ಣು ರೆಪ್ಪೆ ಬಡಿಯದೆ ಕಾಯುತ್ತಿದೆ, ತನ್ನ ಕೈ ಏಳುವುದನ್ನೇ.

ಎನಾಕ್ ಎರಡು ಕೈಗಳನ್ನೂ ಮಂಡಿಯ ಕೆಳಗೆ ತುರುಕಿಕೊಂಡು, ಖಾಲಿ ಸಮುದ್ರವನ್ನು ನೋಡುತ್ತಾ ಕೂತ.